ಕಿವಿರು ಎತ್ತಿ ನೋಡಿದವರು

ನಮ್ಮವರು, ಸದಾಶಿವ, ಹೋದ ಆಷಾಢದಲ್ಲಿ ತೀರಿಕೊಂಡರು. ಅಹಮದಾಬಾದಿನ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹೊಯ್ದವರು.

ಅಲ್ಲಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಒಂದು ಸುಳ್ಳಿನಿಂದ. ಆ ಹೌಸಿಂಗ್ ಸೊಸೈಟಿಯಲ್ಲಿ ಮೀನು ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ. ಕುಂದಾಪುರದ ನಾವು ತಿನ್ನುವುದೇ ಇಲ್ಲ ಎಂದೆವು. ಇಲ್ಲಿ ಬೇಯಿಸಲೂ ಇಲ್ಲ. ಊರಿಗೆ ಹೋದಾಗ ಮಾತ್ರ ಮೂರು ಹೊತ್ತೂ ಮೀನು.

ಗೇಟಿನ ಪಕ್ಕ ಸೊಸೈಟಿಯ ಕೊಳ, ಅದರಲ್ಲಿ ಕೆಂಪು ಮೀನು. ಒಂದು ಬೇಸಿಗೆ ಅವು ನೀರಿನ ಮೇಲೆ ಬಂದು ಬಾಯಿ ಬಿಡತೊಡಗಿದವು. ಹಸಿವು ಎಂದುಕೊಂಡು ಎಲ್ಲರೂ ಕಡಲೆಹಿಟ್ಟಿನ ಕುರುಕಲು ಗಾಂಠಿಯಾ ಎಸೆದರು. ಪುಣ್ಯ ಬರುತ್ತದಲ್ಲ. ಎರಡು ಸತ್ತವು. ಇನ್ನಷ್ಟು ಎಸೆದರು.

"ಹಸಿವಲ್ಲ ಅದ್, ಉಸ್ರ್ ಕಟ್ಟಿತ್," ಎಂದರು ನಮ್ಮವರು.

"ಹ್ವಾಯ್, ಸುಮ್ನಿರಿ. ನಿಮ್ಗ್ ಹ್ಯಾಂಗ್ ಗೊತ್ತ್ ಅಂದ್ ಕೇಂಡ್ರೆ ಮನಿ ಬಿಡ್ಕಾತ್," ಎಂದೆ ನಾನು.

ಅವರ ರಜೆಯ ದಿನವೇ ಮೂರನೆಯದು ವಾಲಿತು. ಪಂಚೆ ಎತ್ತಿ ಕಟ್ಟಿ ಕೊಳಕ್ಕೆ ಇಳಿದೇಬಿಟ್ಟರು. ಮೀನು ಹಿಡಿದು, ಬಂಗುಡೆ ಕೊಳ್ಳುವಾಗ ನೋಡುವ ಹಾಗೆ, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿದರು. ಕೆಂಪಗಿರಬೇಕಾದ ಕಿವಿರು ಬಿಳಿಚಿತ್ತು. ಅಂಚು ಹರಿದು ಲೋಳೆ ಕಟ್ಟಿತ್ತು. ಅದರ ಮೇಲೆ ರವೆ ಕಾಳಿನಷ್ಟು ಬಿಳಿ ಹುಳ. ಇವು ಸಿಗಡಿಯ ದೂರದ ನೆಂಟರು, ಕಚ್ಚಿ ಕೂತು ಕಿವಿರನ್ನೇ ತಿನ್ನುತ್ತವೆ ಎಂದು ಹಿಂದಿಯಲ್ಲಿ ಭಾಷಣ ಬೇರೆ!

ಚೇರ್ಮನ್ ಹಸಮುಖಭಾಯಿ ಅಲ್ಲೇ ನಿಂತಿದ್ದರು. ಪಕ್ಕದಲ್ಲಿ ಅವರ ತಾಯಿ. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ; ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ.

"ಸದಾಶಿವಭಾಯಿ, ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದರು ಚೇರ್ಮನ್.

ನಮ್ಮವರಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

"ತಿಂದು ಗೊತ್ತು," ಎಂದರು.

ಬಾ ನಕ್ಕುಬಿಟ್ಟರು. "ತಿನ್ನದ ನಾವು ಎರಡು ಸಾಯಿಸಿದೆವು. ತಿನ್ನುವವನು ಉಳಿಸುತ್ತಿದ್ದಾನೆ. ಯಾರನ್ನು ಓಡಿಸುತ್ತೀಯೋ ಹಸಮುಖ?"

ಚೇರ್ಮನ್ ತಲೆ ಕೆರೆದುಕೊಂಡರು. "ಇಲ್ಲಿ ಬೇಯಿಸಬಾರದು."

"ಯಾವತ್ತೂ ಬೇಯಿಸಿಲ್ಲ."

"ಸರಿ. ಈಗ ಇವಕ್ಕೇನು ಮಾಡೋಣ?"

ನಮ್ಮವರು ಉಪ್ಪು ಬೇಕು ಎಂದದ್ದೇ ತಡ, ಬಾ ಅಡುಗೆಮನೆಯಿಂದ ಉಪ್ಪಿನ ಡಬ್ಬಿಯನ್ನೇ ತಂದರು. ಮೀನುಗಳನ್ನು ಟಬ್ಬಿನ ಉಪ್ಪುನೀರಿಗೆ ಬಿಟ್ಟು ತೆಗೆದದ್ದಾಯಿತು. ದನದ ಡಾಕ್ಟರನ್ನು ಕೇಳಿ ಔಷಧಿ ತಂದದ್ದಾಯಿತು. ಮೂರನೆಯದು ಉಳಿಯಲಿಲ್ಲ. ಉಳಿದ ಏಳೂ ಬದುಕಿದವು.

ನಮ್ಮವರು ಹೋದ ಮೇಲೂ ಮನೆ ಬಿಡು ಎಂದು ನನಗೆ ಯಾರೂ ಹೇಳಿಲ್ಲ. ಬಾ ಮೊನ್ನೆ ಬಂದು ಬಾಗಿಲು ಹಾಕಿ ಮೆಲ್ಲಗೆ ಕೇಳಿದರು: "ನಿಜ ಹೇಳು, ಮೀನಿನ ರುಚಿ ಹೇಗಿರುತ್ತೆ?" ಹೇಳಲು ಹೋಗಿ ನಗು ಬಂತು, ಆಮೇಲೆ ಅಳು. ಊರಲ್ಲಿ ಮೀನು ಹುರಿದು ನನ್ನ ಬಟ್ಟಲಿಗೆ ಹಾಕುತ್ತಿದ್ದವರು ನಮ್ಮವರೇ.