ರಾಮಾ ಗ್ರೀನ್ ಸೀರೆಯೂ ನನ್ನ ಪ್ರಿಂಟರೂ

ನನಗೆ ಬಣ್ಣಗಳು ಗೊತ್ತಿಲ್ಲ ಎಂಬ ಸಂಗತಿ ಮದುವೆಯಾಗುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಕೆಂಪು, ಹಳದಿ, ಹಸಿರು, ನೀಲಿ ಎಂದುಕೊಂಡು ಸುಖವಾಗಿದ್ದೆ. ಇವಕ್ಕೆ ಸೇರದಿದ್ದನ್ನು ‘ಒಂಥರಾ ಬಣ್ಣ’ ಎಂದರೆ ಕೆಲಸ ನಡೆಯುತ್ತಿತ್ತು. ಮದುವೆಯಾದ ಮೇಲೆ ನೋಡಿದರೆ, ನನ್ನ ಹೆಂಡತಿ ಮಂಗಳಾಳ ಲೋಕದಲ್ಲಿ ಗುಲಾಬಿ ಬೇರೆ, ಈರುಳ್ಳಿ ಸಿಪ್ಪೆ ಬೇರೆ. ಮಾವಿನ ಚಿಗುರು, ಬದನೆಕಾಯಿ, ಕನಕಾಂಬರ, ಗಂಧ, ಇಟ್ಟಿಗೆ ಎಂದು ಅಡುಗೆಮನೆಯಿಂದ ಹಿತ್ತಿಲವರೆಗಿನ ಸಮಸ್ತ ವಸ್ತುಗಳೂ ಅವಳಿಗೆ ಬಣ್ಣಗಳೇ. ನಮ್ಮ ಭಾಷೆಯಲ್ಲಿ ಬಣ್ಣಗಳಿಗೆ ಹೆಸರಿಟ್ಟವರು ಖಂಡಿತ ಹೆಂಗಸರು ಎಂಬುದು ನನ್ನ ಸಂಶೋಧನೆ. ಆಧಾರ ಕೇಳಬೇಡಿ.

ಈ ಹೆಸರುಗಳಲ್ಲಿ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡದ್ದು ರಾಮಾ ಗ್ರೀನ್. ನಮ್ಮ ಮದುವೆಯ ಮುಹೂರ್ತಕ್ಕೆ ಮಂಗಳಾಳ ಅಮ್ಮ, ಅಂದರೆ ನನ್ನ ಅತ್ತೆ, ಮಗಳಿಗೆ ಕೊಡಿಸಿದ್ದು ಆ ಬಣ್ಣದ ರೇಷ್ಮೆ ಸೀರೆ. ಹಸಿರು ಎಂದುಕೊಂಡು ನೋಡಿದರೆ ನೀಲಿಯಾಗಿ ಕಾಣುತ್ತದೆ, ಸರಿ ನೀಲಿ ಎಂದುಬಿಟ್ಟರೆ ಹಸಿರಾಗುತ್ತದೆ. ನಾನು ಅದನ್ನು ನೀಲಿ ಸೀರೆ ಎಂದೇ ಕರೆದು ವರ್ಷಗಟ್ಟಲೆ ಬೈಸಿಕೊಂಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಂಗಳಾಳ ತಮ್ಮನ ಮದುವೆ ನಿಶ್ಚಯವಾಯಿತು, ಬನ್ನಿಮಂಟಪದ ಕಡೆಯ ಛತ್ರದಲ್ಲಿ. ಅತ್ತೆ ಮಗಳಿಗೆ ಹೇಳಿದ್ದು ಒಂದೇ ಮಾತು: “ಮುಹೂರ್ತಕ್ಕೆ ನಾನು ಕೊಡಿಸಿದ್ ಸೀರೇನೇ ಉಟ್ಕೊ ಕಣಮ್ಮ. ನನ್ ಕಣ್ಣಿಗೆ ಇನ್ನೊಂದ್ಸಲ ಕಾಣಲಿ.” ಸೀರೆಯದೇನೂ ತಕರಾರಿಲ್ಲ, ಅದು ಎಷ್ಟು ವರ್ಷವಾದರೂ ಎಲ್ಲರಿಗೂ ಆಗುತ್ತದೆ. ಆಗದೆ ಹೋಗುವುದು ರವಿಕೆ. ಹೊಸ ರವಿಕೆ ಹೊಲಿಸಬೇಕು, ಅದು ಸೀರೆಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಹೊಂದಬೇಕು. ಬೇರೆ ಯಾವ ಸೀರೆಯಾಗಿದ್ದರೂ ಅವಳು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅಮ್ಮ ನೋಡುತ್ತಾರಲ್ಲ, ಅದಕ್ಕೆ.

ಇದಕ್ಕಾಗಿಯೇ ನಮ್ಮ ಮೈಸೂರಿನ ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರುಗಳಿವೆ. ಗಂಡಸರು ಇವುಗಳ ಮುಂದೆ ಸಾವಿರ ಸಲ ಓಡಾಡಿದ್ದರೂ ಒಳಗೆ ಹೋಗಿರುವುದಿಲ್ಲ. ಓಣಿಯಂಥ ಅಂಗಡಿ, ನೆಲದಿಂದ ಸೂರಿನವರೆಗೆ ರವಿಕೆ ಬಟ್ಟೆಯ ಥಾನುಗಳು. ಹೆಂಗಸರು ಚೀಲದಿಂದ ಸೀರೆ ತೆಗೆಯುತ್ತಾರೆ, ಅಂಗಡಿಯವರು ಒಂದು ಥಾನು ಎಳೆಯುತ್ತಾರೆ, ಇಬ್ಬರೂ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುತ್ತಾರೆ, ತಲೆ ಅಲ್ಲಾಡಿಸಿ ಒಳಗೆ ಹೋಗುತ್ತಾರೆ.

ನಾವಿದ್ದದ್ದು ಹೂಟಗಳ್ಳಿಯಲ್ಲಿ. ಅಲ್ಲಿಂದ ತುಂಬಿದ ಸಿಟಿ ಬಸ್ಸಿನಲ್ಲಿ ಆ ರೇಷ್ಮೆ ಸೀರೆಯನ್ನು ಹೊತ್ತು ಹೋಗಲು ಮಂಗಳಾ ಹಿಂದೆಮುಂದೆ ನೋಡಿದಳು. ನಾನು ಬಾಯಿ ಹಾಕಿದ್ದು ಆಗ. “ಸೀರೆ ಯಾಕೆ ತಗೊಂಡ್ಹೋಗ್ಬೇಕು? ಫೋಟೋ ಹೊಡೆದು ಪ್ರಿಂಟ್ ತೆಗೆದುಕೊಡ್ತೀನಿ. ಅದನ್ನ ತೋರ್ಸಿದ್ರಾಯ್ತು” ಎಂದೆ.

ನನ್ನ ಈ ಧೈರ್ಯಕ್ಕೆ ಎರಡು ಕಾರಣ. ಮನೆಗೆ ಹೊಸದಾಗಿ ಕಂಪ್ಯೂಟರು, ಬಣ್ಣದ ಪ್ರಿಂಟರು, ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಬಂದಿದ್ದವು. ಜೊತೆಗೆ ನಾನು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದವನು. ಅಳತೆ ತಪ್ಪಿದ ಸಾಮಾನನ್ನು ಪಕ್ಕಕ್ಕೆ ಎತ್ತಿಡುವುದೇ ನನ್ನ ವೃತ್ತಿ. ಬಣ್ಣ ತಪ್ಪಿದರೆ ನನಗೆ ತಿಳಿಯುವುದಿಲ್ಲವೇ?

ಸೀರೆಯನ್ನು ಮಂಚದ ಮೇಲೆ ಹಾಸಿ ಫೋಟೋ ತೆಗೆದೆ. ಕಂಪ್ಯೂಟರಿನ ಪರದೆಯ ಮೇಲೆ ಥೇಟ್ ಅದೇ ಸೀರೆ. ಮಂಗಳಾ ಕೂಡ “ಪರವಾಗಿಲ್ವೇ” ಎಂದಳು. ಪ್ರಿಂಟ್ ಕೊಟ್ಟೆ. ಯಂತ್ರ ಕಿರ್ರೆಂದು ನರಳಿ, ನೀರಿನ ತೊಟ್ಟಿಯ ಗೋಡೆಗೆ ಹಿಡಿದ ಪಾಚಿಯ ಬಣ್ಣದ ಒಂದು ಕಾಗದವನ್ನು ಹೊರಗೆ ತಳ್ಳಿತು.

ಅಲ್ಲಿಂದ ಶುರುವಾಯಿತು ನನ್ನ ವ್ಯಾಸಂಗ. ಪರದೆ ಬಣ್ಣ ಮಾಡುವುದು ಬೆಳಕಿನಿಂದ, ಪ್ರಿಂಟರು ಮಾಡುವುದು ಶಾಯಿಯಿಂದ. ಬೆಳಕನ್ನು ಒಂದರ ಮೇಲೊಂದು ಸುರಿದಷ್ಟೂ ಬಿಳಿಯಾಗುತ್ತದೆ, ಶಾಯಿಯನ್ನು ಸುರಿದಷ್ಟೂ ಕಪ್ಪಾಗುತ್ತದೆ. ಒಬ್ಬರು ಕೊಡುಗೈಯವರು, ಇನ್ನೊಬ್ಬರು ಕೈ ಬಿಗಿಯವರು. ಇಬ್ಬರಿಂದ ಒಂದೇ ಮಾತು ಹೊರಡಿಸುವುದು ಹೇಗೆ? ಇನ್ನೊಂದು ಸೋಜಿಗವೆಂದರೆ ನನ್ನ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರಲಿಲ್ಲ. ನಮ್ಮ ಅಪ್ಪನ ಫೋಟೋ ಅಚ್ಚು ಹಾಕಿದರೆ ಹಣೆಯ ಮೇಲಿನ ವಿಭೂತಿ ಯಂತ್ರ ಹಚ್ಚಿದ್ದಲ್ಲ, ಯಂತ್ರ ಸುಮ್ಮನೆ ಬಿಟ್ಟ ಜಾಗ. ಇದನ್ನು ಊಟಕ್ಕೆ ಕೂತಾಗ ಬಹಳ ಗಂಭೀರವಾಗಿ ಹೇಳಿದೆ. “ಅದೆಲ್ಲ ಇರಲಿ, ಸೀರೆದು ಏನಾಯ್ತು?” ಎಂದಳು ಮಂಗಳಾ.

ಸಂಜೆ ಕಾರ್ಖಾನೆಯಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಸ್ವಲ್ಪ ನೀಲಿ ಹೆಚ್ಚಿಸಿ, ಹಳದಿ ಇಳಿಸಿ, ಮತ್ತೆ ಪ್ರಿಂಟ್. ಒಂದು ಸಲ ನವಿಲಿನ ಕತ್ತು ಬಂತು, ಇನ್ನೊಂದು ಸಲ ಆಸ್ಪತ್ರೆಯ ಪರದೆ ಬಂತು. ಕೊನೆಗೊಂದು ಸಂಜೆ, ಟ್ಯೂಬ್‌ಲೈಟಿನ ಕೆಳಗೆ ಕಾಗದವನ್ನು ಸೀರೆಯ ಮೇಲಿಟ್ಟರೆ ಎಲ್ಲಿ ಕಾಗದ ಮುಗಿದು ಎಲ್ಲಿ ಸೀರೆ ಶುರು ಎಂದು ತಿಳಿಯದಂತಾಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ನಾನೇ ಪೇಟೆಗೆ ಹೊರಟೆ.

ಅಂಗಡಿಯವರು ಕಾಗದ ನೋಡಿ, “ಸೀರೆ ತಂದಿಲ್ವಾ ಸಾರ್?” ಎಂದರು. “ಇದೇ ಸೀರೆ ಅಂದ್ಕೊಳ್ಳಿ” ಎಂದೆ. ಅವರು ಹಾಗೆಯೇ ಅಂದುಕೊಂಡರು. ಬಾಗಿಲಿನ ಬಿಸಿಲಿಗೆ ತಂದು, ಥಾನಿನ ಮೇಲೆ ಥಾನು ಹಿಡಿದು, ನನ್ನ ಕಾಗದಕ್ಕೆ ಸ್ವಲ್ಪವೂ ವ್ಯತ್ಯಾಸವಿಲ್ಲದ ಬಟ್ಟೆ ಕತ್ತರಿಸಿಕೊಟ್ಟರು.

ಮನೆಗೆ ಬಂದು ಹಗಲು ಬೆಳಕಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟೆವು. ಬಟ್ಟೆ ಕಾಗದಕ್ಕೆ ಹೊಂದುತ್ತಿತ್ತು, ಕಾಗದ ಬಟ್ಟೆಗೆ ಹೊಂದುತ್ತಿತ್ತು. ಸೀರೆಯೊಂದೇ ಹೊರಗಿನದು. ಟ್ಯೂಬ್‌ಲೈಟಿನಲ್ಲಿ ಜೊತೆಯಾಗಿದ್ದ ಕಾಗದ, ಸೂರ್ಯನ ಎದುರಿಗೆ ಸೀರೆಯ ಕೈ ಬಿಟ್ಟಿತ್ತು. ತಪಾಸಣೆ ವಿಭಾಗದ ಅಭ್ಯಾಸಬಲದಿಂದ, “ಹಾಗಾದ್ರೆ ಸೀರೆದೇ ತಪ್ಪು” ಎಂದೆ. ಮಂಗಳಾ ನಗಲಿಲ್ಲ. ಟೈಲರಿಗೆ ಕೊಡಲು ದಿನ ಮೀರುತ್ತಿತ್ತು, ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ಕೆಡುಕೆನಿಸಿತು.

ಮಾರನೆಯ ದಿನ ಅವಳು ಸೀರೆಯನ್ನು ಪಂಚೆಯೊಂದರಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದಳು. ಮಧ್ಯಾಹ್ನದೊಳಗೆ ಸರಿಯಾದ ಬಟ್ಟೆ ಬಂತು. ನಾನು ತಂದದ್ದನ್ನು, “ಇರಲಿ ಬಿಡಿ, ಯಾರಿಗಾದ್ರೂ ಅರಿಶಿನ ಕುಂಕುಮದ ಜೊತೆ ಕೊಡೋಕಾಗುತ್ತೆ” ಎಂದು ಎತ್ತಿಟ್ಟಳು. ಹಾಗೆ ಕೊಟ್ಟ ರವಿಕೆ ಬಟ್ಟೆಯನ್ನು ಪಡೆದವರು ಇನ್ನೊಬ್ಬರಿಗೆ ಕೊಡುವುದು ವಾಡಿಕೆಯಾದ್ದರಿಂದ, ನನ್ನ ಸಂಶೋಧನೆಯ ಫಲ ಇಂದಿಗೂ ಮೈಸೂರಿನಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿರಬಹುದು.

ಮದುವೆ ಚೆನ್ನಾಗಿ ಆಯಿತು. ಸೀರೆ, ರವಿಕೆ ಒಂದೇ ಮಗ್ಗದಿಂದ ಇಳಿದಂತಿದ್ದವು. ಅತ್ತೆ ಗಡಿಬಿಡಿಯ ನಡುವೆಯೂ ಒಂದು ಗಳಿಗೆ ನಿಂತು ಮಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು. ಮಂಗಳಾಳಿಗೆ ಅಷ್ಟೇ ಬೇಕಿದ್ದದ್ದು. ನನಗೂ ಮನಸ್ಸು ತುಂಬಿಬಂತು.

ಕೆಲವು ವಾರ ಬಿಟ್ಟು ಫೋಟೋ ಆರಿಸಲು ಸ್ಟುಡಿಯೋಗೆ ಹೋದೆವು. ಅವರ ಪರದೆಯ ಮೇಲೆ ಎಲ್ಲವೂ ಇದ್ದ ಹಾಗೇ ಇತ್ತು. ಅಚ್ಚಾಗಿ ಆಲ್ಬಮ್ ಬಂದಾಗ ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಕನ್ನಡಕ ಹಾಕಿಕೊಂಡು ಪುಟ ತಿರುಗಿಸುತ್ತ ಒಂದು ಕಡೆ ನಿಂತರು. “ಇದೇನೇ ಮಂಗಳಾ, ನನ್ ಸೀರೆಗೆ ಇಂಥ ರವಿಕೆ ಹಾಕ್ಬುಟ್ಟಿದ್ದೀಯಾ?” ಎಂದರು. ಬಗ್ಗಿ ನೋಡಿದೆ. ಸೀರೆ ಶುದ್ಧ ನೀಲಿ, ರವಿಕೆ ಶುದ್ಧ ಹಸಿರು. ಪರದೆಯಲ್ಲಿ ಕಣ್ಣಿಗೆ ಬೀಳದಷ್ಟಿದ್ದ ವ್ಯತ್ಯಾಸವನ್ನು ಶಾಯಿ ಹಿಗ್ಗಿಸಿಬಿಟ್ಟಿತ್ತು. ಎದುರಿಗೆ ಕಣ್ಣಾರೆ ನೋಡಿದವರೂ ಆಲ್ಬಮ್ಮನ್ನೇ ನಂಬುವಂತಿತ್ತು. ಮಂಗಳಾ ಒಳಗೆ ಹೋಗಿ, ಬೀರುವಿನಿಂದ ಸೀರೆ, ರವಿಕೆ ಎರಡನ್ನೂ ತಂದು ಅಮ್ಮನ ತೊಡೆಯ ಮೇಲೆ ಇಟ್ಟಳು. ಅತ್ತೆ ಕನ್ನಡಕ ತೆಗೆದಿಟ್ಟು ಸೆರಗನ್ನು ಬಿಡಿಸಿದರು. ಅದನ್ನು ಕೊಳ್ಳಲು ಮಾವನವರ ಜೊತೆ ಹೋದದ್ದು, ಅವರು ಬೇರೆ ಸೀರೆಗೆ ಹಟ ಹಿಡಿದದ್ದು, ತಾವು ಮಣಿಯದೆ ಕೂತದ್ದು, ಎಲ್ಲ ಹೇಳಿದರು. ಅಷ್ಟು ವರ್ಷದಲ್ಲಿ ನಾವು ಕೇಳಿರದ ಕತೆ.

ಆಮೇಲೆ ಇದೇ ರೂಢಿಯಾಯಿತು. ಯಾರು ಬಂದು ಆಲ್ಬಮ್ ನೋಡಿದರೂ ಆ ಪುಟದಲ್ಲಿ ನಿಲ್ಲುತ್ತಾರೆ, “ರವಿಕೆ ಬೇರೆ ಬಣ್ಣದ್ದಾ?” ಎನ್ನುತ್ತಾರೆ, ಮಂಗಳಾ ಸೀರೆ ತರುತ್ತಾಳೆ. ಬಂದವರು ಮುಟ್ಟಿ ನೋಡುತ್ತಾರೆ, ಅತ್ತೆ ಇದ್ದರೆ ಕತೆ ಇನ್ನಷ್ಟು ಬೆಳೆಯುತ್ತದೆ.

ಅಷ್ಟರಲ್ಲಿ ನನ್ನ ವಿದ್ಯೆಯೂ ಕೈಗೆ ಹತ್ತಿತ್ತು. ಬಣ್ಣ ತಿದ್ದುವುದು, ಹಗಲು ಬೆಳಕಿನಲ್ಲಿ ಹೋಲಿಸುವುದು, ಎಲ್ಲ ಕಲಿತಿದ್ದೆ. ಒಂದು ದಿನ, “ಆ ಪುಟ ಕೊಡು, ಸೀರೆ ರವಿಕೆ ಎರಡೂ ಇದ್ದ ಹಾಗೇ ಬರೋ ಥರ ಪ್ರಿಂಟ್ ತೆಗೆದುಕೊಡ್ತೀನಿ. ಈ ಸಲ ಗ್ಯಾರಂಟಿ” ಎಂದೆ.

ಮಂಗಳಾ ಆಲ್ಬಮ್ಮನ್ನು ಮಡಿಲಿಗೆಳೆದುಕೊಂಡಳು. “ಏನೂ ಬೇಡ ಕಣ್ರೀ. ಅದರಲ್ಲಿ ಸರಿಯಾಗಿ ಬಂದ್ಬುಟ್ರೆ ಸೀರೆ ತೋರ್ಸು ಅಂತ ಯಾರು ಕೇಳ್ತಾರೆ?”