ಸೂಜಿ ಹಾಕಿಸಿದರೆ ಹಾಲು ಬತ್ತುತ್ತದೆಯೇ?

ಕೊರೊನಾ ಸೂಜಿ ನಮ್ಮೂರಿನ ಶಾಲೆಗೆ ಬಂದಾಗ ನನ್ನ ಮಗಳಿಗೆ ನಾಲ್ಕು ತಿಂಗಳು. ಹಾಲೂಡಿಸುವ ತಾಯಂದಿರಿಗೆ ಬೇಡ ಎಂದು ಸರ್ಕಾರದವರು ಮೊದಲು ಹೇಳಿದ್ದರು, ಆಮೇಲೆ ಹಾಕಿಸಿಕೊಳ್ಳಬಹುದು ಎಂದರು. ಹೀಗೆ ಮಾತು ಬದಲಾಯಿಸಿದರೆ ಯಾರಿಗೆ ತಾನೆ ನಂಬಿಕೆ ಬರುತ್ತದೆ? ನನಗೂ ಬರಲಿಲ್ಲ. ಆದರೆ ಪಕ್ಕದ ಬೀದಿಯವರು ಕೋಲಾರದ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ ಸುದ್ದಿ ಬಂದಾಗಲೆಲ್ಲ, ಮಗುವನ್ನು ಬಿಟ್ಟು ನಾನೂ ಹಾಗೆ ಮಲಗಿಬಿಟ್ಟರೆ ಎಂದು ಹೆದರುತ್ತಿದ್ದೆ.

ಅತ್ತೆ ಸುತರಾಂ ಒಪ್ಪಲಿಲ್ಲ. ಕ್ಯಾಲನೂರಿನ ಕಡೆ ನಮ್ಮದು ಡೇರಿಗೆ ಹಾಲು ಹಾಕುವ ಮನೆ. ಕಾಲುಬಾಯಿ ಜ್ವರ ಬಾರದಿರಲೆಂದು ಹಸುಗಳಿಗೆ ಸೂಜಿ ಹಾಕಿಸಿದರೆ ಎರಡು ಮೂರು ದಿನ ಮೈ ಬಿಸಿಯಾಗಿ ಹಾಲು ಇಳಿಯುತ್ತದೆ. ಇದು ಇಲ್ಲಿ ಎಲ್ಲರೂ ಕಂಡದ್ದೇ. ಅತ್ತೆ ಅದನ್ನೇ ತಂದು ನನಗೆ ಅಂಟಿಸಿದರು.

“ಸೂಜಿ ಹಾಕಿದ್ರೆ ಹಸುನೇ ಹಾಲು ಇಳಿಸ್ತದೆ. ನೀನೇನು ಹಸುಗಿಂತ ಗಟ್ಟಿನಾ? ಮಗು ಗತಿ ಏನಮ್ಮ?”

“ನನ್ನನ್ನೂ ಕೊಟ್ಟಿಗೆಗೆ ಸೇರಿಸಿಬಿಟ್ರಾ ಅತ್ತೆ? ಹಂಗಾದ್ರೆ ನಾಳೆಯಿಂದ ಬೂಸಾ ಕಲಸಿಡಿ” ಎಂದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ನನ್ನ ಗಂಡ ನಕ್ಕರು. ಅತ್ತೆ ನಗಲಿಲ್ಲ. ರಾಯಲ್ಪಾಡಿನಲ್ಲಿರುವ ಅವರ ತಂಗಿಯೂ ಫೋನು ಮಾಡಿ ತೆಲುಗಿನಲ್ಲೇ “ಪಾಲು ಎಂಡಿಪೋತಾಯಿ” ಎಂದರಂತೆ. ಹಾಲು ಬತ್ತಿಹೋಗುವುದು ಈಗ ಎರಡು ಭಾಷೆಗಳಲ್ಲಿ ಖಚಿತವಾಯಿತು.

ಕೊನೆಗೆ ಅತ್ತೆಯನ್ನೂ ಜೊತೆಯಲ್ಲೇ ಶಾಲೆಗೆ ಕರೆದುಕೊಂಡು ಹೋದೆ. ಅವರು ಅಲ್ಲಿದ್ದ ಡಾಕ್ಟರಮ್ಮನನ್ನು ಬಿಡಲೇ ಇಲ್ಲ. ಔಷಧಿ ಹಾಲಿಗೆ ಇಳಿದು ಮಗುವಿಗೆ ಏನಾದರೂ ಆದರೆ? ಇವಳಿಗೆ ಜ್ವರ ಬಂದರೆ ಮಗುವಿಗೆ ಕುಡಿಸಬಹುದೇ? ಸೂಜಿಯಾದ ಮೇಲೂ ಕಾಯಿಲೆ ಬರುವುದಾದರೆ ಹಾಕಿಸುವುದೇತಕ್ಕೆ?

ಡಾಕ್ಟರಮ್ಮ ಬೇಸರಪಟ್ಟುಕೊಳ್ಳಲಿಲ್ಲ. “ಮಗೂಗೆ ಏನೂ ಆಗಲ್ಲ ಅಜ್ಜಿ. ಒಂದೆರಡು ದಿನ ಕೈನೋವು, ಜ್ವರ ಬರಬಹುದು. ಹಾಲು ಮಾತ್ರ ನಿಲ್ಲಿಸಬಾರದು, ಕುಡಿಸ್ತಾನೇ ಇರಬೇಕು. ಇವರು ಚೆನ್ನಾಗಿ ನೀರು ಕುಡೀಲಿ. ಆಮೇಲೂ ಕಾಯಿಲೆ ಬರಬಹುದು, ಆದ್ರೆ ಜೋರಾಗಿ ಬಂದು ಆಸ್ಪತ್ರೆ ಸೇರೋ ಭಯ ತುಂಬಾ ಕಡಿಮೆ. ಮಾಸ್ಕ್ ಬಿಡಬೇಡಿ” ಎಂದರು. ನಾನು ತೋಳು ಕೊಟ್ಟೆ. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ಮೈ ಕೆಂಡವಾಗಿತ್ತು. ಮಗು ಎದೆಗೆ ಬಾಯಿಟ್ಟು ಎಳೆದು, ಬಿಟ್ಟು, ಕಿರುಚತೊಡಗಿತು. ಅತ್ತೆ ಹೇಳಿದ್ದೇ ನಿಜವಾಯಿತೇನೋ ಎಂದು ನನ್ನ ಜಂಬವೆಲ್ಲ ಇಳಿಯಿತು. ಹೆದರಿಕೊಂಡು ಅತ್ತುಬಿಟ್ಟೆ. “ನೋಡಿದ್ಯಾ” ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅವರು ಅನ್ನಲಿಲ್ಲ. ಜ್ವರದ ಮಾತ್ರೆ ನುಂಗಿಸಿ, ರಾಗಿ ಗಂಜಿಯ ಚೊಂಬು ಹಿಡಿದು ಪಕ್ಕದಲ್ಲಿ ಕೂತರು.

“ಡಾಕ್ಟ್ರಮ್ಮ ಹೇಳಿದ್ದು ಮರೆತ್ಯಾ? ಕುಡಿಸ್ತಾನೇ ಇರು. ಬಿಡಿಸ್ಬೇಡ.”

ಮಧ್ಯಾಹ್ನದವರೆಗೆ ಗಂಜಿ, ನೀರು, ಮಜ್ಜಿಗೆ ಒಂದರ ಹಿಂದೊಂದು ಬಂದವು. ಸಂಜೆ ಮೈ ಬೆವರಿ ಜ್ವರ ಇಳಿಯಿತು. ಮಗು ಮತ್ತೆ ಬಾಯಿಟ್ಟಿತು. ಈ ಸಲ ಬಿಡಲಿಲ್ಲ. ಗುಟುಕು ಗುಟುಕಾಗಿ ನುಂಗುವ ಸದ್ದು ಇಬ್ಬರಿಗೂ ಕೇಳಿಸಿತು. ತುಟಿಯ ಅಂಚಿನಿಂದ ಹಾಲು ಸೋರಿ ನನ್ನ ಸೀರೆ ಒದ್ದೆಯಾಯಿತು.

“ಬತ್ತಿಲ್ಲ ಅತ್ತೆ” ಎಂದೆ.

ಅತ್ತೆ ಬಗ್ಗಿ ಮಗುವಿನ ತುಟಿಯಂಚನ್ನು ಸೆರಗಿನಿಂದ ಒರೆಸಿದರು. “ನಿನ್ ಗಂಡ ಹುಟ್ಟಿದಾಗ ನಂಗೆ ಹಾಲೇ ಬರ್ಲಿಲ್ಲ ಕಣಮ್ಮ. ಮೂರು ಹೊತ್ತೂ ಕಿರುಚ್ತಿದ್ದ. ಆ ಸದ್ದು ಇವತ್ತಿಗೂ ಕಿವಿಯಿಂದ ಹೋಗಿಲ್ಲ” ಎಂದರು.

ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು, ಡೇರಿಯ ಹೊತ್ತಾಗಿತ್ತು. ಮಗು ಕುಡಿದು ಮುಗಿಸುವವರೆಗೂ ಅತ್ತೆ ಏಳಲಿಲ್ಲ.