ಹೊಳಪು ಹೇಳದ ಬಿಸಿ

ಆಲ್ದೂರಿನ ಓಂಕಾರಮೂರ್ತಿಯವರ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವ ಸರ್ವಮಂಗಳಾಗೆ ಮೂಗೇ ಗಡಿಯಾರವಾಗಿತ್ತು. ಸುಟ್ಟ ಬೆಲ್ಲದಂಥ ಘಮ ಎದ್ದ ಕೂಡಲೇ ಡ್ರಮ್ಮಿನ ಬಾಯಿ ತೆರೆಯುತ್ತಿದ್ದಳು. ಮೂರು ವರ್ಷದ ಹಿಂದೆ ಜ್ವರವೊಂದು ಬಂದು ಹೋದ ಮೇಲೆ ಆ ಮೂಗು ಸತ್ತಿತು. ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಇಪ್ಪತ್ತೆರಡು ವರ್ಷದ ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ. ಮೆಷಿನ್ ರಿಪೇರಿಯ ರಜಬ್ ಅಲಿಯಿಂದ, ಮುಟ್ಟದೆಯೇ ಬಿಸಿ ತೋರಿಸುವ ಗನ್ ತರಿಸಿಕೊಂಡಳು. ಡ್ರಮ್ಮಿನ ಮುಂದಿನ ಮಸಿ ಹಿಡಿದ ತಗಡಿಗೆ ಗುರಿಯಿಟ್ಟು, ಇನ್ನೂರು ಡಿಗ್ರಿ ಬಂದರೆ ಇಳಿಸುವುದು. ಒಂದು ಕಾಳೂ ಕೆಡಲಿಲ್ಲ.

ಈ ಸಲದ ಆಯುಧಪೂಜೆಗೆ ಆ ತಗಡನ್ನು ಉಪ್ಪುಕಾಗದ ಹಾಕಿ ಕನ್ನಡಿಯಂತೆ ಉಜ್ಜಿ, ದಪ್ಪಗೆ ವಿಭೂತಿಯ ಮೂರು ಪಟ್ಟೆ ಎಳೆದು ಕೈಮುಗಿದಳು. ಮರುದಿನ ಹೊಳೆಯುವ ಜಾಗಕ್ಕೆ ಹಿಡಿದ ಗನ್ ನೂರರ ಆಸುಪಾಸಿನಲ್ಲೇ ನಿಂತಿತು. ಒಳಗೆ ಬೀಜ ಚಟಪಟ ಸಿಡಿಯುವುದು ಕೇಳಿಸಿತು. ಗನ್ ಬಿಟ್ಟು ಕಿವಿಯನ್ನು ನಂಬುವ ಧೈರ್ಯ ಬರಲಿಲ್ಲ. ಕೊನೆಗೆ ಬಾಯಿ ತೆರೆದಾಗ ಸುರಿದದ್ದು ಇದ್ದಿಲು.

ಓಂಕಾರಮೂರ್ತಿ ಓಡಿಬಂದರು. "ಏನ್ ಮಂಗಳಕ್ಕ, ಬೀದಿಗೆಲ್ಲ ಸೀದ ವಾಸ್ನೆ ಬಡೀತಿದೆ. ನಿಮಗೆ ಬರ್ಲಿಲ್ವಾ?"

"ಗನ್ ಕೆಟ್ಟಿದೆ," ಎಂದಳು.

ರಜಬ್ ಅಲಿ ಬಂದು, ಖಾಲಿ ಡ್ರಮ್ ಕಾಯಿಸಿ, ಹೊಳಪಿನ ಮೇಲೆ ಹಿಡಿದ. ನೂರಾ ನಾಲ್ಕು. ಹತ್ತಿರ ಸರಿದು ವಿಭೂತಿಯ ಮೇಲೆ ಹಿಡಿದ. ನೂರಾ ತೊಂಬತ್ತೆಂಟು.

"ಗನ್ ಸರಿಯಾಗೇ ಇದೆ ಅಕ್ಕ. ಹೊಳೆಯೋ ಲೋಹ ತನ್ನ ಬಿಸೀನ ಹೊರಗೆ ಬಿಡೋದು ಕಮ್ಮಿ, ಎದುರಿನ ಗೋಡೇದೇ ಪ್ರತಿಬಿಂಬ ಕೊಡುತ್ತೆ. ಮಸಿ, ಬೂದಿ ಹಂಗಲ್ಲ, ಹೆಚ್ಚುಕಮ್ಮಿ ಇದ್ದಿದ್ದು ಇದ್ದಂಗೇ ಬಿಡ್ತವೆ. ಗನ್ನಿಗೆ ಕಾಣೋದು ಹೊರಗೆ ಬಂದಿದ್ದಷ್ಟೇ."

"ಹಂಗಾದ್ರೆ ಉಜ್ಜಿದ್ದೇ ತಪ್ಪಾಯ್ತು ಮಾರಾಯ, ಹೋಗ್ಲಿ ಬಿಡಿ," ಎಂದು ಓಂಕಾರಮೂರ್ತಿ ತಿರುಗಿದರು.

ಅಲ್ಲಿಗೆ ಅವಳು ಪಾರಾಗಿದ್ದಳು. ಆದರೆ ತಗಡಿನ ಮೇಲಿನ ವಿಭೂತಿಯಿಂದ ಕಣ್ಣು ಕೀಳಲಾಗಲಿಲ್ಲ.

"ಸಾವ್ಕಾರ್ರೇ, ನಂಗೆ ಮೂರು ವರ್ಷದಿಂದ ವಾಸ್ನೆನೇ ಬರಲ್ಲ."

ಓಂಕಾರಮೂರ್ತಿ ಬೆರಳ ನಡುವಿನ ನಶ್ಯವನ್ನು ಏರಿಸುವುದನ್ನೇ ಮರೆತರು. "ಅಂದ್ರೆ ಊರೆಲ್ಲ ಹೊಗಳಿದ ಪುಡಿ ಮೂಗಿಲ್ದೆ ಹುರಿದದ್ದಾ?" ನಶ್ಯವನ್ನು ಕೆಳಗೆ ಕೊಡವಿ, "ನಾಳೆಯಿಂದ ನಾನೇ ಬಂದು ಮೂಸ್ತೀನಿ. ಹುರಿಯೋರು ನೀವೇ."

"ನಶ್ಯದ ಮೂಗು," ಎಂದ ರಜಬ್ ಅಲಿ. "ಅದಕ್ಕಿಂತ ಅಕ್ಕನ ಕಿವಿನೇ ವಾಸಿ."

ಮರುದಿನ ಸೋಮವಾರ. ಸರ್ವಮಂಗಳಾ ಮಿಂದು ಬಂದು, ಅದೇ ಜಾಗಕ್ಕೆ ಹೊಸ ವಿಭೂತಿ ಬಳಿದು ಗನ್ ಹಿಡಿದಳು. ನೂರಾ ತೊಂಬತ್ತಾರಕ್ಕೇ ಬೀಜ ಚಟಪಟಗುಟ್ಟಿತು. ಇನ್ನೂರಕ್ಕೆ ಕಾಯದೆ ಡ್ರಮ್ಮಿನ ಬಾಯಿ ತೆರೆದಳು.